ಮಗುವಿನ ಹೆಸರು ಬರೆಯುವ ಜಾಗ

ಪೆನ್‌ಕ್ಲೌದ್, ವೇಲ್ಸ್
18 ಸೆಪ್ಟೆಂಬರ್ 2025

ಎಲೂನೆಡ್,

ಮೊದಲೇ ಹೇಳಿಬಿಡುತ್ತೇನೆ, ಯಾರೂ ಸತ್ತಿಲ್ಲ. ಲಕೋಟೆಯ ಮೇಲೆ ನನ್ನ ಅಕ್ಷರ ಕಂಡ ಕೂಡಲೇ ನೀನು ಕುರ್ಚಿ ಹುಡುಕಿ ಕುಳಿತಿರುತ್ತೀಯ ಎಂದು ಗೊತ್ತು. ನೀನು ಅಬರ್ಡೀನಿಗೆ ಹೋಗಿ ನಾಲ್ಕು ವರ್ಷವಾಯಿತು. ಅಕ್ಕತಂಗಿಯರ ನಡುವೆ ಇಷ್ಟು ದಿನ ಓಡಾಡಿದ್ದು ಕ್ರಿಸ್‌ಮಸ್ ಕಾರ್ಡು ಮತ್ತು ಊರಿನ ಸಾವಿನ ಸುದ್ದಿ, ಅಷ್ಟೇ. ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನೀನು ನನ್ನ ಅರ್ಧ ಮಾತಿಗೇ ಉತ್ತರ ಕೊಡುತ್ತೀಯ, ನಾನು ನಿನ್ನ ಅರ್ಧ ಉತ್ತರಕ್ಕೇ ಇಟ್ಟುಬಿಡುತ್ತೇನೆ.

ನಿನ್ನ ಒಂದು ರುಜು ಬೇಕಾಗಿದೆ.

ಬರುವ ಫೆಬ್ರವರಿ ಹನ್ನೆರಡಕ್ಕೆ ನನಗೆ ಅರವತ್ತಾರು ತುಂಬುತ್ತದೆ. ಸರ್ಕಾರದ ಪಿಂಚಣಿ ಶುರುವಾಗಬೇಕಾದ ವಯಸ್ಸು. ಎಷ್ಟು ಬರುತ್ತದೆ ಎಂದು ಕೇಳಿ ಬರೆದಿದ್ದೆ. ಉತ್ತರ ಬಂತು: ಏನೂ ಬರುವುದಿಲ್ಲ. ನನ್ನ ಹೆಸರಿನಲ್ಲಿ ರಾಷ್ಟ್ರೀಯ ವಿಮೆಯ ಕಂತು ಬಿದ್ದಿರುವುದು ಏಳೇ ಏಳು ವರ್ಷವಂತೆ. ಪೂರ್ತಿ ಪಿಂಚಣಿಗೆ ಮೂವತ್ತೈದು ವರ್ಷ ಬೇಕು, ಕಡೇಪಕ್ಷ ಹತ್ತಾದರೂ ಇಲ್ಲದಿದ್ದರೆ ಬಿಡಿಗಾಸೂ ಇಲ್ಲ.

ಆ ಏಳು ವರ್ಷ ಬಟ್ಟೆ ಕಾರ್ಖಾನೆಯದು. ಅದು ಬಾಗಿಲು ಹಾಕಿದ ಮೇಲೆ ಮತ್ತೆ ಅಪ್ಪನ ಜೊತೆ ಅಳಿವೆಯ ಮರಳಿನಲ್ಲಿ ಕಪ್ಪೆಚಿಪ್ಪು ಕೆರೆಯಲು ಹೋದೆನಲ್ಲ. ಕೆರೆದದ್ದು, ತೊಳೆದದ್ದು, ಬೇಯಿಸಿದ್ದು, ಶನಿವಾರ ಸ್ವಾನ್ಸೀ ಮಾರುಕಟ್ಟೆಯಲ್ಲಿ ಕೂಗಿ ಮಾರಿದ್ದು ಯಾವ ಕಡತದಲ್ಲೂ ಇಲ್ಲ. ಅಪ್ಪ ತನ್ನ ವಿಮೆಯ ಕಂತಿನ ಸ್ಟಾಂಪು ಒಂದು ವಾರವೂ ತಪ್ಪಿಸಿದವರಲ್ಲ. ನನ್ನದು ಕೇಳಿದರೆ, "ನಿಂಗ್ಯಾಕೇ ಸ್ಟಾಂಪು? ನೀನೇನು ಕೂಲಿಯೋಳಾ, ಮನೆಯೋಳಲ್ವಾ?" ಎನ್ನುತ್ತಿದ್ದರು. ಅದು ಪ್ರೀತಿಯ ಮಾತೆಂದೇ ತಿಳಿದಿದ್ದೆ. ಪ್ರೀತಿಯೇ ಇತ್ತು ಎನ್ನು, ಸ್ಟಾಂಪು ಮಾತ್ರ ಇರಲಿಲ್ಲ. ನಮ್ಮ ದಂಡೆಯ ಅರ್ಧ ಹೆಂಗಸರ ಪಾಡು ಇದೇ.

ಗುರುವಾರ ಗ್ರಂಥಾಲಯದಲ್ಲಿ ಕುಳಿತು ಇಂಥ ಕಾಗದಪತ್ರಗಳಿಗೆ ದಾರಿ ಹೇಳುವವಳು ಸಿಯಾನ್, ಅಂಚೆ ಬೆವನ್‌ನ ಮಗಳು. ಅವಳಿಗೆ ತೋರಿಸಿದೆ. "ಗ್ಲೆನಿಸ್, ಯಾವ್ದಾದ್ರೂ ಮಗು ನೋಡ್ಕೊಂಡಿದ್ರಾ?" ಎಂದು ಕೇಳಿದಳು. ನಗು ಬಂತು. "ನೋಡ್ಕೊಂಡಿದ್ನಾ? ನನ್ನ ತಂಗಿ ಮಗಳು ನೆರಿಸ್‌ಗೆ ನಡೆಯೋಕೆ ಕಲ್ಸಿದ್ದು, ಸೈಕಲ್ ಕಲ್ಸಿದ್ದು, ಸುಳ್ಳು ಹೇಳ್ಬಾರ್ದು ಅಂತ ಕಲ್ಸಿದ್ದು ಎಲ್ಲಾ ನಾನೇ ಕಣಮ್ಮ" ಎಂದೆ.

ಆಗ ಅವಳು ಹೇಳಿದ್ದು ಇದು. ನೀನು ನೆರಿಸ್‌ಗಾಗಿ ಮಕ್ಕಳ ಭತ್ಯೆ ತೆಗೆದುಕೊಳ್ಳುತ್ತಿದ್ದೆಯಲ್ಲ, ಅದರ ಜೊತೆಗೇ ಪ್ರತಿವರ್ಷ ವಿಮೆಯ ಒಂದು ವರ್ಷವೂ ಬರುತ್ತದಂತೆ. ನೀನು ನರ್ಸು, ನಿನ್ನ ವರ್ಷಗಳು ಸಂಬಳದಲ್ಲೇ ಭರ್ತಿಯಾಗಿವೆ. ಆದ್ದರಿಂದ ಭತ್ಯೆಯ ವರ್ಷ ನಿನಗೆ ಉಪಯೋಗವಿಲ್ಲದೆ ಸುಮ್ಮನೆ ಬಿದ್ದಿದೆ. ತಾಯಿ ಕೆಲಸಕ್ಕೆ ಹೋದಾಗ ಮಗುವನ್ನು ನೋಡಿಕೊಂಡ ಅಜ್ಜಿಗೋ ದೊಡ್ಡಮ್ಮನಿಗೋ ಅದನ್ನು ಬರೆದುಕೊಡಬಹುದು. ಮಗುವಿಗೆ ಹನ್ನೆರಡು ತುಂಬುವವರೆಗಿನ ವರ್ಷಗಳು ಮಾತ್ರ, ಅದೂ 2011ರ ಏಪ್ರಿಲಿನಿಂದ ಈಚಿನವು. ಅದಕ್ಕೆ ಮೊದಲು ನಾನು ಒಗೆದ ಲಂಗೋಟಿಗಳು ಸರ್ಕಾರದ ಲೆಕ್ಕಕ್ಕಿಲ್ಲ. ಆದರೂ ಒಂಬತ್ತು ವರ್ಷ ಸಿಗುತ್ತದೆ. ಏಳಕ್ಕೆ ಒಂಬತ್ತು ಸೇರಿದರೆ ಹದಿನಾರು.

ಅರ್ಜಿ ಇದರ ಜೊತೆಗಿದೆ. ಮೇಲಿನ ಭಾಗ ನಾನು ತುಂಬಿದ್ದೇನೆ. ಕೆಳಗಡೆ, ಮಗುವನ್ನು ನೋಡಿಕೊಂಡವರು ಇವರೇ ಎಂದು ನೀನು ಒಪ್ಪಿ ರುಜು ಹಾಕಬೇಕು.

ನೆರಿಸ್ ಕಾಲಿನ ಅಳತೆ ಈಗ ಎಷ್ಟು? ಕಾಲುಚೀಲ ಹೆಣೆಯುತ್ತಿದ್ದೇನೆ, ಹಿಮ್ಮಡಿಯ ಹತ್ತಿರ ನಿಂತಿದೆ.

ಗ್ಲೆನಿಸ್


ಅಬರ್ಡೀನ್
5 ಅಕ್ಟೋಬರ್ 2025

ಗ್ಲೆನಿಸ್ ಅಕ್ಕಾ,

ಕುರ್ಚಿ ಹುಡುಕಿದ್ದು ನಿಜ. ವಾರ್ಡಿನಿಂದ ಬಂದವಳು ಕೋಟನ್ನೂ ಬಿಚ್ಚದೆ ಓದಿದೆ. ನಿನ್ನ ಅಕ್ಷರ ಇನ್ನೂ ಹಾಗೇ ಇದೆಯಲ್ಲ, ಒಂದೊಂದೂ ಬೆನ್ನು ನೆಟ್ಟಗೆ ಮಾಡಿ ನಿಂತಿರುತ್ತದೆ.

ಏಳೇ ವರ್ಷ ಎಂದು ಓದಿ ಸಿಟ್ಟು ಬಂತು. ಅಪ್ಪನನ್ನು ಈಗ ಬೈದು ಏನು ಪ್ರಯೋಜನ?

ಅರ್ಜಿಯನ್ನು ಅಲಾಸ್ಡೆರ್‌ಗೆ ತೋರಿಸಿದೆ. ನಿನಗೆ ನನ್ನ ಗಂಡನ ಸ್ವಭಾವ ಗೊತ್ತಿಲ್ಲ, ಸೂಪಿನ ಡಬ್ಬಿಯ ಚೀಟಿಯನ್ನೂ ಎರಡು ಸಲ ಓದುವ ಮನುಷ್ಯ. "ಇದ್ರಲ್ಲಿ ವರ್ಗಾವಣೆ ಅಂತಿದ್ಯಲ್ಲ ಎಲೂನೆಡ್. ಕೊಟ್ಟಿದ್ದು ಹೋಯ್ತು ಅಂತಲೇ ಅರ್ಥ. ನಾಳೆ ನಿನ್ನ ಪಿಂಚಣಿಗೆ ಒಂಬತ್ತು ವರ್ಷ ಖೋತಾ ಆದ್ರೆ?" ಎಂದರು. ನನಗೂ ಸ್ವಲ್ಪ ಭಯವಾಯಿತು, ಸುಳ್ಳೇಕೆ ಹೇಳಲಿ. ನನಗೂ ಐವತ್ತನಾಲ್ಕು.

ಅವರೇ ಒಂದು ದಾರಿಯನ್ನೂ ಹುಡುಕಿದ್ದಾರೆ. ಹಿಂದಿನ ಕೆಲವು ವರ್ಷಗಳ ಕಂತನ್ನು ಈಗ ಕೈಯಿಂದ ಕಟ್ಟಿದರೂ ಲೆಕ್ಕಕ್ಕೆ ಹಿಡಿಯುತ್ತಾರಂತೆ. ನಿನಗೆ ಕಮ್ಮಿ ಬಿದ್ದಿರುವುದು ಮೂರು ವರ್ಷ ತಾನೆ? ಆ ಮೂರನ್ನು ನಾನು ಕಟ್ಟಿಬಿಡುತ್ತೇನೆ. ಹತ್ತಾಗುತ್ತದೆ, ಪಿಂಚಣಿ ಶುರುವಾಗುತ್ತದೆ, ಯಾರ ರುಜುವಿನ ಗೊಡವೆಯೂ ಬೇಡ. ಬೇಡ ಎನ್ನಬೇಡ. ನಿನ್ನ ಬಿಗುಮಾನ ನನಗೆ ಗೊತ್ತು, ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಬೇಕು ನಿನಗೆ.

ನೆರಿಸ್ ಕಾಲು ಆರೂವರೆ. ಕಾಲಲ್ಲ ಅದು, ದೋಣಿ.

ನಿನ್ನ ತಂಗಿ,
ಎಲೂನೆಡ್


ಪೆನ್‌ಕ್ಲೌದ್
11 ಅಕ್ಟೋಬರ್ 2025

ಎಲೂನೆಡ್,

ಬೇಡ.

ಇಷ್ಟೇ ಬರೆದು ಅಂಚೆಗೆ ಹಾಕೋಣವೆಂದಿದ್ದೆ. ಸಿಯಾನ್ ಕೈಹಿಡಿದು, "ಕಾರಣ ಬರೀರಿ ಗ್ಲೆನಿಸ್, ಅವ್ರು ಅಲ್ಲಿ ಏನೇನೋ ಅಂದ್ಕೋತಾರೆ" ಎಂದಳು. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ನಿನ್ನ ಗಂಡನ ಭಯಕ್ಕೆ ಉತ್ತರ. ನಿನ್ನ ವರ್ಷ ಒಂದೂ ಹೋಗುವುದಿಲ್ಲ. ನೀನು ದುಡಿದ ವರ್ಷ ಸಂಬಳದಿಂದ ಬಂದದ್ದು, ಅದು ನಿನ್ನದೇ. ಒಂದು ವರ್ಷವನ್ನು ಎರಡು ಸಲ ಎಣಿಸುವುದಿಲ್ಲವಾದ್ದರಿಂದ ಭತ್ಯೆಯದು ನಿನಗೆ ಯಾವತ್ತೂ ಕೆಲಸಕ್ಕೆ ಬರುವುದಿಲ್ಲ. ಎರಡು ಊಟದ ಚೀಟಿ ಇಟ್ಟುಕೊಂಡವಳು ಒಂದೇ ಊಟ ತಾನೆ ಮಾಡುವುದು? ಮಿಕ್ಕ ಚೀಟಿ ಕೇಳುತ್ತಿದ್ದೇನೆ, ನಿನ್ನ ತಟ್ಟೆಗೆ ಕೈ ಹಾಕುತ್ತಿಲ್ಲ. ಸಿಯಾನ್ ಇದನ್ನು ಕೇಳಿ ಖಚಿತಪಡಿಸಿಕೊಂಡಿದ್ದಾಳೆ. ಅವರಿಗೆ ಮೂರನೇ ಸಲ ಓದಲು ಹೇಳು.

ಇನ್ನು ನಿನ್ನ ದುಡ್ಡು. ಹತ್ತು ವರ್ಷ ಆಗದಿದ್ದರೂ ನಾನು ಉಪವಾಸ ಬೀಳುವುದಿಲ್ಲ. ಕಡಿಮೆ ವರಮಾನದವರಿಗೆ ಬೇರೆ ನೆರವಿದೆ, ಸಿಯಾನ್ ಅದರ ಕಾಗದವನ್ನೂ ತಂದಿಟ್ಟಿದ್ದಾಳೆ. ಆದರೆ ಅದು "ಪಾಪ" ಎಂದು ಕೊಡುವುದು. ಪಿಂಚಣಿ "ನೀನು ದುಡಿದಿದ್ದೀಯ" ಎಂದು ಕೊಡುವುದು. ನೀನು ಕಟ್ಟಿಕೊಡುವ ಮೂರು ವರ್ಷವೂ "ಪಾಪ"ದ ಲೆಕ್ಕವೇ. ನನಗೆ ವರ್ಷಗಳನ್ನು ಕೊಂಡುಕೊಡಬೇಡ ಎಲೂನೆಡ್. ಇದ್ದವನ್ನು ಇದ್ದ ಹಾಗೆ ಬರೆದುಕೊಡು.

ಬರೆಯಬಾರದೆಂದಿದ್ದೆ, ಬರೆದೇಬಿಡುತ್ತೇನೆ. ನೀನು ಊರು ಬಿಡುವ ಹಿಂದಿನ ದಿನ ಪ್ರಾರ್ಥನಾಮಂದಿರದ ಪಡಸಾಲೆಯಲ್ಲಿ ಎಲ್ಲರಿಗೂ ಚಹಾ ಕೊಟ್ಟಿದ್ದೆವಲ್ಲ. ನಾನು ಹೆಂಚಿನ ಮೇಲೆ ಬೇಯಿಸಿದ ಬಿಸ್ಕತ್ತಿನ ತಟ್ಟೆ ಹಿಡಿದು ಸುತ್ತುತ್ತಿದ್ದೆ. ಮುದುಕಿ ಮಾರ್ಗೆಡ್, "ನಾಳೆಯಿಂದ ಗ್ಲೆನಿಸ್ ಕೆಲ್ಸ ಕಳ್ಕೊಂಡೋಳ ಥರ ಆಗ್ತಾಳೆ, ಪಾಪ" ಎಂದಳು. ನೀನು ನಕ್ಕು, "ಕೆಲ್ಸಾನಾ? ನಮ್ಮಕ್ಕ ಜೀವ್ಮಾನದಲ್ಲಿ ಯಾವ ಕೆಲ್ಸಕ್ಕೆ ಹೋಗಿದ್ಲು? ಹೆಂಗಿದ್ರೂ ಮನೇಲೇ ಇರ್ತಿದ್ಲಲ್ಲ" ಎಂದೆ. ಎಲ್ಲರೂ ನಕ್ಕರು. ನಾನೂ ನಕ್ಕೆ. ತಟ್ಟೆಯಲ್ಲಿ ಹನ್ನೊಂದು ಬಿಸ್ಕತ್ತು ಉಳಿದಿತ್ತು, ಈಗಲೂ ನೆನಪಿದೆ. ಬೆಳಗ್ಗೆ ನಿಮ್ಮನ್ನು ಕಳಿಸಲು ಬರಲಿಲ್ಲ. ತಲೆನೋವು ಎಂದು ಹೇಳಿಕಳಿಸಿದೆ. ತಲೆಯಲ್ಲಿ ಏನೂ ನೋವಿರಲಿಲ್ಲ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ನಿನ್ನನ್ನು ಬೈಯುತ್ತಿಲ್ಲ. ಸರ್ಕಾರದ ಏಳು ವರ್ಷದ ಕಾಗದ ಬಂದಾಗ ನೀನು ಅವತ್ತು ಆಡಿದ್ದನ್ನೇ ಅಚ್ಚು ಹಾಕಿ ಕಳಿಸಿದ್ದಾರೆ ಅನ್ನಿಸಿತು, ಅದಕ್ಕೇ ಹೇಳಿದೆ.

ರುಜು ಹಾಕುವುದೂ ಬಿಡುವುದೂ ನಿನಗೆ ಬಿಟ್ಟದ್ದು. ಅಲ್ಲಿ ಚಳಿ ಶುರುವಾಗಿರಬೇಕು. ರಾತ್ರಿ ಪಾಳಿ ಮುಗಿಸಿ ಬಂದು ಒದ್ದೆ ಕೂದಲಲ್ಲೇ ಮಲಗಬೇಡ.

ಗ್ಲೆನಿಸ್


ಅಬರ್ಡೀನ್
30 ನವೆಂಬರ್ 2025

ದೊಡ್ಡಮ್ಮಾ,

ನಾನು ನೆರಿಸ್. ನಿನಗೆ ಬರೆಯುತ್ತಿರುವುದು ಅಮ್ಮನಿಗೆ ಗೊತ್ತಿಲ್ಲ.

ನೀನು ಅಮ್ಮನಿಗೆ ಏನು ಬರೆದೆ? ಅಕ್ಟೋಬರಿನಲ್ಲಿ ನಿನ್ನ ಕಾಗದ ಬಂದ ದಿನ ಅದನ್ನು ಕಾರಿನಲ್ಲೇ ಕುಳಿತು ಓದಿದಳು. ಅಲಾಸ್ಡೆರ್ ಎರಡು ಸಲ ಹೊರಗೆ ಹೋಗಿ ಕಿಟಕಿ ತಟ್ಟಿದರು, ಒಂದು ಗಂಟೆ ಇಳಿಯಲಿಲ್ಲ. ಆಮೇಲೆ ಬಂದು ಏನೂ ಆಗಿಲ್ಲವೆಂಬಂತೆ ಮೀನು ಹುರಿದಳು, ಸೀದುಹೋಯಿತು. ಅವತ್ತಿನಿಂದ ರಜೆಯ ದಿನವೆಲ್ಲ ಅಡುಗೆಮನೆಯ ಮೇಜಿನ ಮುಂದೆ ಕುಳಿತು ಬರೆಯುವುದು, ಹರಿಯುವುದು. ಕೇಳಿದರೆ "ನಿಂಗೇನೂ ಇಲ್ಲ, ಹೋಗಿ ಓದ್ಕೋ" ಎನ್ನುತ್ತಾಳೆ.

ಕಸದ ಬುಟ್ಟಿಯಲ್ಲಿ ಒಂದು ಚೂರು ಸಿಕ್ಕಿತು. ತೆಗೆದು ಓದಿದ್ದು ತಪ್ಪು, ಒಪ್ಪಿಕೊಳ್ಳುತ್ತೇನೆ, ಸುಳ್ಳು ಹೇಳಬಾರದೆಂದು ಕಲಿಸಿದವಳು ನೀನೇ. ಅದರಲ್ಲಿ "ನೋಡಿಕೊಂಡವರು" ಎಂದಿತ್ತು, ಮುಂದೆ ಹರಿದಿತ್ತು. ಅಲಾಸ್ಡೆರ್ ಅವರನ್ನು ಪೀಡಿಸಿದ ಮೇಲೆ ಅರ್ಜಿಯ ವಿಷಯ ಹೇಳಿದರು. ನಾನೇ ರುಜು ಹಾಕಿದರೆ ಆಗುವುದಿಲ್ಲವೇ? ನೀನು ನೋಡಿಕೊಂಡದ್ದು ನನ್ನನ್ನು ತಾನೆ? ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಈ ಊರಿನಲ್ಲಿ ಕಪ್ಪೆಚಿಪ್ಪು ಸಿಗುತ್ತದೆ, ಆದರೆ ಮರಳು ತೊಳೆಯಲು ಯಾರಿಗೂ ಬರುವುದಿಲ್ಲ. ತಿಂದರೆ ಹಲ್ಲಲ್ಲಿ ಕರಕರ ಎನ್ನುತ್ತದೆ.

ಮುತ್ತುಗಳು,
ನೆರಿಸ್


ಪೆನ್‌ಕ್ಲೌದ್
6 ಡಿಸೆಂಬರ್ 2025

ನನ್ನ ದೋಣಿಕಾಲಿನ ಹುಡುಗಿ,

ನಿನ್ನ ರುಜು ನಡೆಯುವುದಿಲ್ಲ. ಮಕ್ಕಳ ಸಾಕ್ಷಿ ಕೇಳುವ ಜಾಗ ಅರ್ಜಿಯಲ್ಲಿಲ್ಲ. ಇದ್ದಿದ್ದರೆ ನೀನು ನಾಲ್ಕು ವರ್ಷದವಳಿದ್ದಾಗಲೇ ನನ್ನ ಮೇಲೆ ದೂರು ಬರೆದಿರುತ್ತಿದ್ದೆ, ಕಡಲಪಾಚಿಯ ಪಲ್ಯ ತಿನ್ನಿಸುತ್ತಾಳೆಂದು.

ನಿನ್ನಮ್ಮನನ್ನು ಅವಳ ಪಾಡಿಗೆ ಬಿಡು. ಪೀಡಿಸಬೇಡ. ಚಿಕ್ಕಂದಿನಿಂದಲೂ ಅವಳು ಹಾಗೇ, ಮನಸ್ಸಿಗೆ ಏನಾದರೂ ತಾಗಿದರೆ ಗೂಡಿಗೆ ಸೇರಿಕೊಂಡು ಬಿಡುತ್ತಾಳೆ, ಹಸಿವಾದಾಗ ಹೊರಗೆ ಬರುತ್ತಾಳೆ. ಮೀನು ಸೀದರೂ ಚೆನ್ನಾಗಿದೆ ಅನ್ನು.

ಕಪ್ಪೆಚಿಪ್ಪನ್ನು ಉಪ್ಪುನೀರಲ್ಲಿ ಇಡೀ ರಾತ್ರಿ ನೆನೆಹಾಕಬೇಕು, ನೀರು ಬದಲಾಯಿಸಬೇಕು. ಅವೇ ಮರಳನ್ನು ಉಗುಳುತ್ತವೆ. ಅವಸರ ಮಾಡಬಾರದು ಅಷ್ಟೇ.

ಕಾಲುಚೀಲ ಕಳಿಸಿದ್ದೇನೆ. ಒಂದು ತುಸು ಉದ್ದವಾಗಿದೆ, ಯಾವುದೆಂದು ಹೇಳುವುದಿಲ್ಲ.

ನಿನ್ನ ದೊಡ್ಡಮ್ಮ


ಅಬರ್ಡೀನ್
4 ಜನವರಿ 2026

ಅಕ್ಕಾ,

ಈ ಕಾಗದವನ್ನು ಎಷ್ಟು ಸಲ ಹರಿದಿದ್ದೇನೋ ಲೆಕ್ಕವಿಲ್ಲ. ಇವತ್ತು ಹರಿಯುವುದಿಲ್ಲ ಎಂದು ಅಲಾಸ್ಡೆರ್ ಕೈಯಲ್ಲಿ ಲಕೋಟೆಗೆ ಅಂಚೆಚೀಟಿ ಮೊದಲೇ ಹಚ್ಚಿಸಿದ್ದೇನೆ.

ಪಡಸಾಲೆಯಲ್ಲಿ ಆಡಿದ ಆ ಮಾತು ನನಗೆ ನೆನಪೇ ಇರಲಿಲ್ಲ. ಇದಕ್ಕಿಂತ ನಾಚಿಕೆ ಬೇರೆ ಯಾವುದಿದೆ? ಆಡಿದ ನಾನು ಬಾಯಿ ಒರೆಸಿಕೊಂಡು ಹೋದೆ, ಕೇಳಿದ ನೀನು ನಾಲ್ಕು ವರ್ಷ ಹೊತ್ತುಕೊಂಡೆ. ನಾನು ತಿಳಿದಿದ್ದೇ ಬೇರೆ. ನೆರಿಸ್‌ಳನ್ನು ನಿನ್ನ ಮಡಿಲಿಂದ ಎತ್ತಿಕೊಂಡು ಹೋದೆನೆಂಬ ಸಿಟ್ಟಿಗೆ ನೀನು ಕಳಿಸಲು ಬರಲಿಲ್ಲ ಎಂದುಕೊಂಡೆ. ಅವತ್ತು ಬೆಳಗ್ಗೆ ನಿನ್ನ ಬಾಗಿಲ ಮುಂದೆ ಕಾರು ನಿಲ್ಲಿಸಿ ಐದು ನಿಮಿಷ ಕಾದೆ. ಪರದೆ ಅಲ್ಲಾಡಿತು. ನೀನು ಬರಲಿಲ್ಲ, ನಾನು ಇಳಿಯಲಿಲ್ಲ. ನನಗೂ ಸಿಟ್ಟು ಬಂತು. ಇಬ್ಬರೂ ಅಪ್ಪನ ಮಕ್ಕಳೇ, ಮೊಂಡುತನದಲ್ಲಿ ಮಾತ್ರ ಸರಿಸಮ ಪಾಲು ಬಂದಿದೆ.

ತಪ್ಪಾಯಿತು ಅಕ್ಕಾ. ಹೇಗೆ ಹೇಳಿದರೂ ಸಾಲದು, ಅದಕ್ಕೇ ಹರಿಯುತ್ತಿದ್ದೆ. ನಾನು ಹನ್ನೆರಡು ಗಂಟೆಯ ಪಾಳಿ ಮುಗಿಸಿ ಬರುವಾಗ ನೆರಿಸ್ ಉಂಡು, ತಲೆ ಬಾಚಿಸಿಕೊಂಡು, ಮಾರನೇ ದಿನದ ಪುಸ್ತಕ ಜೋಡಿಸಿಕೊಂಡು ಮಲಗಿರುತ್ತಿದ್ದಳು. ನನ್ನ ಪಾಲಿನ ಸಾರು ಒಲೆಯ ಮೇಲಿರುತ್ತಿತ್ತು. ನಾನು ಒಂದು ದಿನವೂ ಮಗುವಿನ ಚಿಂತೆಯಿಂದ ವಾರ್ಡಿನಲ್ಲಿ ಗಡಿಯಾರ ನೋಡಿದವಳಲ್ಲ. ನನ್ನ ಕೆಲಸ ನಡೆದದ್ದೇ ನಿನ್ನ ಕೆಲಸದ ಮೇಲೆ. ಅದನ್ನು ಕೆಲಸವಲ್ಲ ಎಂದ ಬಾಯಿಗೆ ಏನು ಹೇಳಲಿ?

ಅರ್ಜಿಗೆ ರುಜು ಹಾಕಿದ್ದೇನೆ. 2011ರ ಏಪ್ರಿಲಿನಿಂದ 2020ರ ಏಪ್ರಿಲಿನವರೆಗೆ, ಒಂಬತ್ತು ವರ್ಷ. ವಾರಕ್ಕೆ ಎಷ್ಟು ಗಂಟೆ ಎಂದು ಅವರು ಕೇಳಿಲ್ಲ. ಕೇಳಿದ್ದರೆ ಜಾಗ ಸಾಲುತ್ತಿರಲಿಲ್ಲ. ಅಲಾಸ್ಡೆರ್ ಮೂರನೇ ಸಲವೂ ಓದಿದರು. "ನಿನ್ನಕ್ಕ ಹೇಳಿದ್ದೇ ಸರಿ, ಊಟದ ಚೀಟಿ ಲೆಕ್ಕ" ಎಂದು ಒಪ್ಪಿಕೊಂಡರು. ನಮ್ಮ ಮನೆಯಲ್ಲಿ ಅವರ ಎದುರು ವಾದ ಗೆದ್ದ ಮೊದಲನೆಯವಳು ನೀನು.

ಲಕೋಟೆಯಲ್ಲಿ ಇನ್ನೊಂದು ಅರ್ಜಿಯೂ ಇದೆ, ನೋಡು. ಅದು ಸರ್ಕಾರಕ್ಕಲ್ಲ.

ನಾನು ಏಳು ವರ್ಷದವಳಿದ್ದಾಗ ಶಾಲೆಯಲ್ಲಿ ಒಂದು ಕಾಗದ ಕೊಟ್ಟರು, ತಾಯಿಯ ಹೆಸರು ಬರೆಯಿರಿ ಎಂದು. ಅಮ್ಮ ಸತ್ತಾಗ ನನಗೆ ಮೂರು. ಅಮ್ಮ ಎಂದರೆ ನನಗೆ ಗೋಡೆಯ ಮೇಲಿನ ಚಿತ್ರ. ಮರಳಿಗೆ ಹೋಗುವಾಗ ನನ್ನ ಸೊಂಟಕ್ಕೆ ಹಗ್ಗ ಕಟ್ಟಿ ಇನ್ನೊಂದು ತುದಿಯನ್ನು ತನ್ನ ಸೊಂಟಕ್ಕೆ ಕಟ್ಟಿಕೊಳ್ಳುತ್ತಿದ್ದವಳು ನೀನು. ನಾನು "ಗ್ಲೆನಿಸ್" ಎಂದು ಬರೆದೆ. ಪ್ಯೂ ಮೇಷ್ಟ್ರಮ್ಮ ಕೆಂಪು ಶಾಯಿಯಲ್ಲಿ ಅದನ್ನು ಹೊಡೆದುಹಾಕಿ, "ಅಕ್ಕನ ಹೆಸ್ರು ಯಾರು ಕೇಳಿದ್ರು?" ಎಂದರು. ನಿನಗೆ ಇದನ್ನು ಹೇಳಲೇ ಇಲ್ಲ. ನಿನಗೆ ಆಗ ಹದಿನೆಂಟು, ಹೇಳಿದ್ದರೆ ಶಾಲೆಗೆ ಹೋಗಿ ಮೇಷ್ಟ್ರಮ್ಮನ ಜುಟ್ಟು ಹಿಡಿಯುತ್ತಿದ್ದೆ.

ಈಗ ಮತ್ತೆ ಬರೆದಿದ್ದೇನೆ. ಮಗುವಿನ ಹೆಸರು ಬರೆಯುವ ಜಾಗದಲ್ಲಿ ಎಲೂನೆಡ್. ನೋಡಿಕೊಂಡವರು ಗ್ಲೆನಿಸ್. 1974ರಿಂದ 1989, ಹದಿನೈದು ವರ್ಷ. ಇದನ್ನು ಯಾವ ಸರ್ಕಾರವೂ ಒಪ್ಪುವುದಿಲ್ಲ, ನಾನು ಒಪ್ಪಿ ರುಜು ಹಾಕಿದ್ದೇನೆ. ಇದು ನೀನು ಇಟ್ಟುಕೊಳ್ಳುವುದಕ್ಕೆ. ಮೊದಲನೆಯದನ್ನು ಮಾತ್ರ ಕಳಿಸು, ಹುಷಾರು.

ನೀನು ನೋಡಿಕೊಂಡ ಮೊದಲನೇ ಮಗು,
ಎಲೂನೆಡ್


ಪೆನ್‌ಕ್ಲೌದ್
19 ಮಾರ್ಚ್ 2026

ನನ್ನ ಎಲೂನೆಡ್,

ಜನವರಿಯಿಂದ ನಾಲ್ಕು ಸಾಲಿನ ಚೀಟಿ ಬಿಟ್ಟು ಏನೂ ಬರೆದಿಲ್ಲ ಎಂದು ನೀನು ಬೈಯುತ್ತಿರಬೇಕು. ನಿನ್ನ ಆ ಕಾಗದವನ್ನು ದಿನಾ ತೆಗೆದು ಕೂರುತ್ತಿದ್ದೆ. ಓದಿ ಅತ್ತೆ, ಬೆಕ್ಕಿಗೆ ಓದಿ ಹೇಳಿದೆ, ಮತ್ತೆ ಅತ್ತೆ. ಸುಳ್ಳೇಕೆ ಹೇಳಲಿ, ನಿನ್ನ ಮೇಲೆ ಇದ್ದದ್ದೆಲ್ಲ ಅವತ್ತೇ ಕರಗಿಹೋಯಿತು.

ಈಗ ಸುದ್ದಿ ಇದೆ. ಹದಿನಾರು ವರ್ಷ ಆಯಿತು. ಸರ್ಕಾರದ ಕಾಗದ ಬಂದಿದೆ, ಹುಟ್ಟುಹಬ್ಬದ ದಿನದಿಂದ ಲೆಕ್ಕ ಹಾಕಿ ಕೊಡುತ್ತಾರೆ. ಪೂರ್ತಿ ಪಿಂಚಣಿಯ ಅರ್ಧಕ್ಕೆ ತುಸು ಕಮ್ಮಿ. ಅದನ್ನು ಓದಿ ಸಿಯಾನ್ ಗ್ರಂಥಾಲಯದಲ್ಲೇ ಚಪ್ಪಾಳೆ ತಟ್ಟಿದಳು. ಸಂಜೆ ಲೀಕ್ ಸೊಪ್ಪು ಹಾಕಿ ಸಾರು ಮಾಡಿ ಅವಳನ್ನೂ ಅಂಚೆ ಬೆವನ್‌ನನ್ನೂ ಊಟಕ್ಕೆ ಕರೆದಿದ್ದೆ.

ಬೈಯಬೇಡ, ಒಂದು ಎಡವಟ್ಟು ಮಾಡಿದ್ದೇನೆ. ನಿನ್ನ ಎರಡೂ ಅರ್ಜಿಗಳನ್ನು ಮೇಜಿನ ಮೇಲಿಟ್ಟುಕೊಂಡು ಕುಳಿತಿದ್ದೆ. ನನ್ನ ರುಜುವಿನ ಜಾಗ ಎರಡರಲ್ಲೂ ಖಾಲಿ ಇತ್ತು, ಎರಡಕ್ಕೂ ಹಾಕಿದೆ. ಎರಡನೆಯದಕ್ಕೆ ಹಾಕದೆ ಇರಲು ಮನಸ್ಸಾಗಲಿಲ್ಲ. ಆಮೇಲೆ ಕನ್ನಡಕ ಮಂಜಾಗಿ, ನೋಡದೆ ಎರಡನ್ನೂ ಮಡಿಸಿ, ಲಕೋಟೆಗೆ ಹಾಕಿ ಸಿಯಾನ್ ಕೈಗೆ ಕೊಟ್ಟೆ. ಮನೆಗೆ ಬಂದು ನೋಡಿದರೆ ಮೇಜಿನ ಮೇಲೆ ಏನೂ ಇಲ್ಲ!

ಮಾರ್ಚ್ ಮೊದಲ ವಾರ ಕಚೇರಿಯಿಂದ ಫೋನ್ ಬಂತು. ಉತ್ತರದ ಕಡೆಯ ಹೆಂಗಸು, ಒಳ್ಳೆಯ ಧ್ವನಿ.

"ಎರಡು ಅರ್ಜಿ ಬಂದಿದೆ ಮೇಡಂ. ನೆರಿಸ್ ಅನ್ನೋ ಮಗೂದು ಸರಿಯಿದೆ. ಎರಡನೇದ್ರಲ್ಲಿ ಮಗು ಹುಟ್ಟಿದ್ದು 1971 ಅಂತಿದ್ಯಲ್ಲ, ಬರೆಯೋವಾಗ ತಪ್ಪಾಗಿದ್ಯಾ?"

"ತಪ್ಪಿಲ್ಲಮ್ಮ, ಸರಿಯಾಗೇ ಇದೆ" ಎಂದೆ.

"ಹಾಗಾದ್ರೆ ಮಗೂಗೆ ಈಗ..."

"ಐವತ್ನಾಲ್ಕು. ಅಬರ್ಡೀನಲ್ಲಿದೆ. ಇನ್ನೂ ತಲೆ ಒರೆಸ್ಕೊಳ್ಳೋಕೆ ಬರಲ್ಲ."

ಆ ಕಡೆ ಕಾಗದ ಮಗುಚಿದ ಸದ್ದಾಯಿತು. ನಗುತ್ತಾಳೆ ಎಂದುಕೊಂಡಿದ್ದೆ. ಆಮೇಲೆ ಮೆಲ್ಲಗೆ ಕೇಳಿದಳು, "ಕೆಳಗಡೆ ರುಜು ಮಾಡಿರೋದೂ ಅದೇ ಮಗು ಅಲ್ವಾ ಮೇಡಂ?"

"ಹೂಂ, ಅದೇ."

"ಹದಿನೈದು ವರ್ಷ ನೋಡ್ಕೊಂಡ್ರಾ?"

"ಹೂಂನಮ್ಮ."

"ನನ್ನನ್ನೂ ನಮ್ಮಕ್ಕನೇ ಸಾಕಿದ್ದು" ಎಂದಳು. ಆಮೇಲೆ, "ಆದ್ರೆ ಮೇಡಂ, ಕಾನೂನು ಶುರುವಾಗಿದ್ದೇ 2011ರಲ್ಲಿ. ಈ ಹದಿನೈದು ವರ್ಷ ಮಾತ್ರ ನಮ್ಮಿಂದ ಕೊಡೋಕೆ ಆಗಲ್ಲ. ಬೇಜಾರು ಮಾಡ್ಕೋಬೇಡಿ" ಎಂದಳು.

"ಬೇಜಾರೇನೂ ಇಲ್ಲಮ್ಮ. ಅದು ನಂಗೆ ಆಗ್ಲೇ ಬಂದಾಯ್ತು. ಆ ಕಾಗದ ಒಂದು ವಾಪಸ್ ಕಳಿಸ್ಬಿಡು" ಎಂದೆ.

ನಿನ್ನೆ ಬಂತು. ಅವರ ಕಚೇರಿಯ ಮುದ್ರೆ ಬಿದ್ದಿದೆ, ಆದರೆ ಯಾರೂ ಕೆಂಪು ಶಾಯಿಯಲ್ಲಿ ಹೊಡೆದುಹಾಕಿಲ್ಲ. ಅಮ್ಮನ ಚಿತ್ರದ ಪಕ್ಕಕ್ಕೆ ಮೊಳೆ ಹೊಡೆಯಲು ಬೆವನ್‌ನನ್ನು ಬರಹೇಳಿದ್ದೇನೆ.

ಈಸ್ಟರ್‌ಗೆ ಮೂವರೂ ಬನ್ನಿ. ಹಿಂದಿನ ರಾತ್ರಿಯೇ ಕಪ್ಪೆಚಿಪ್ಪು ನೆನೆಹಾಕಿರುತ್ತೇನೆ. ಈ ಸಲ ಪರದೆ ಅಲ್ಲಾಡುವುದಿಲ್ಲ, ಬಾಗಿಲಲ್ಲೇ ನಿಂತಿರುತ್ತೇನೆ.

ನಿನ್ನನ್ನು ನೋಡಿಕೊಂಡ,
ಗ್ಲೆನಿಸ್